ಫೋಟೋಶಾಪ್‌ನಲ್ಲಿ ಒಡೆದ ಕನ್ನಡ: ಕಾಣದ ಮೆನುವೊಂದರ ಹಿನ್ನೆಲೆ

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿ ಲಾಂಚ್‌ಗೆ ಕಾಯದೆ ಸಿಗಂದೂರಿಗೆ ಹೋಗುವುದು ಸಾಧ್ಯವಾಯಿತು. ಕೆಲವು ವಾರಗಳ ನಂತರ ಆ ಭಾಗದ ಪ್ರೌಢಶಾಲೆಯೊಂದರ ಶಿಕ್ಷಕರು ವಿಜ್ಞಾನ ಪ್ರದರ್ಶನಕ್ಕೆ ಭಿತ್ತಿಚಿತ್ರವೊಂದನ್ನು ಸಿದ್ಧಪಡಿಸಲು ಹೊರಟರು. ಲಾಂಚ್ ತೇಲುವುದೇಕೆ, ಸೇತುವೆಯ ಕೇಬಲ್‌ಗಳು ಭಾರ ಹೊರುವುದು ಹೇಗೆ ಎಂದು ಎರಡು ಛಾಯಾಚಿತ್ರಗಳ ಮೂಲಕ ವಿವರಿಸುವುದು ಅವರ ಉದ್ದೇಶ. ಫೋಟೋಶಾಪ್‌ನಲ್ಲಿ ಚಿತ್ರಗಳ ಜೋಡಣೆ ಸೊಗಸಾಗಿಯೇ ಬಂತು. ಆದರೆ ‘ಲಿಂಗನಮಕ್ಕಿ’ಯು ‘ಲಿಂಗನಮಕ್‌ಕಿ’ ಎಂದಾಯಿತು, ‘ತೀರ್ಥಹಳ್ಳಿ’ಯು ‘ತೀರ್‌ಥಹಳ್‌ಳಿ’ ಎಂದಾಯಿತು. ಬಲ್ಲವರೊಬ್ಬರು “ವರ್ಲ್ಡ್ ರೆಡಿ ಲೇಔಟ್ ಆರಿಸಿಕೊಳ್ಳಿ” ಎಂದರಂತೆ. ಶಿಕ್ಷಕರ ಮೆನುವಿನಲ್ಲಿ ಆ ಸಾಲೇ ಇರಲಿಲ್ಲ. ತಂತ್ರಾಂಶವನ್ನು ತೆಗೆದುಹಾಕಿ ಮತ್ತೆ ಸ್ಥಾಪಿಸಿದರೂ ಅದು ಬರಲಿಲ್ಲ. ಕೊನೆಗೆ ನನಗೆ ಫೋನ್ ಮಾಡಿದರು.

ನಿಮಗೂ ಈ ಅನುಭವ ಆಗಿರಬಹುದು. ಇದು ತಂತ್ರಾಂಶದ ದೋಷವಲ್ಲ, ನಿಮ್ಮ ಗಣಕದ್ದೂ ಅಲ್ಲ. ಈ ಆಯ್ಕೆ ಎಲ್ಲಿ ಅಡಗಿದೆ, ಏಕೆ ಅಡಗಿದೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಥಾಮಸ್ ನಾಲ್ ಎಂಬ ಸಂಶೋಧನ ವಿದ್ಯಾರ್ಥಿ 1987ರಲ್ಲಿ ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿದ್ದಾಗ, ಕೇವಲ ಕಪ್ಪು-ಬಿಳುಪು ಚುಕ್ಕೆಗಳ ಮ್ಯಾಕಿಂಟೋಷ್ ಪರದೆಯ ಮೇಲೆ ಬೂದು ಛಾಯೆಗಳನ್ನು ತೋರಿಸಲು ಒಂದು ಪ್ರೋಗ್ರಾಂ ಬರೆದರು. ಸೋದರ ಜಾನ್ ನಾಲ್ ಜೊತೆಗೂಡಿದರು. ಅಡೋಬಿ ಸಂಸ್ಥೆ ಅದನ್ನು 1990ರ ಫೆಬ್ರವರಿಯಲ್ಲಿ ಫೋಟೋಶಾಪ್ ಎಂಬ ಹೆಸರಿನಿಂದ ಹೊರತಂದಿತು. ಚಿತ್ರಕ್ಕಾಗಿ ಹುಟ್ಟಿದ ಆ ತಂತ್ರಾಂಶದಲ್ಲಿ ಅಕ್ಷರಕ್ಕೆ ಎರಡನೆಯ ಸ್ಥಾನ. ಬರೆದ ಪಠ್ಯವನ್ನು ಮತ್ತೆ ತಿದ್ದಲು ಬರುವ ಅಕ್ಷರ ಪದರ ಬಂದದ್ದು 1998ರ ಐದನೆಯ ಆವೃತ್ತಿಯಲ್ಲಿ. ಅಲ್ಲಿಯೂ ನಿಯಮ ಸರಳ: ಒಂದು ಸಂಖ್ಯೆಗೆ ಒಂದು ಆಕಾರ, ಅದರ ಬಲಕ್ಕೆ ಮುಂದಿನದು. ಇಂಗ್ಲಿಷಿಗೆ ಇಷ್ಟು ಸಾಕು.

ಕನ್ನಡಕ್ಕೆ ಸಾಲದು. ಯೂನಿಕೋಡ್‌ನಲ್ಲಿ ‘ಕ್ಕಿ’ ಎಂಬುದು ನಾಲ್ಕು ಸಂಖ್ಯೆಗಳ ಸಾಲು: 3221 (ಕ), 3277 (ಹಲಂತ), 3221 (ಕ), 3263 (ಇಕಾರದ ಗುಡಿಸು). ಉಚ್ಚಾರಣೆಯ ಕ್ರಮ ಇದೇ. ಆದರೆ ಬರೆಯುವಾಗ ಕೊನೆಯಲ್ಲಿ ಬಂದ ಗುಡಿಸು ಮೊದಲನೆಯ ಕಕಾರದ ತಲೆ ಏರುತ್ತದೆ, ಎರಡನೆಯ ಕಕಾರ ಕೆಳಗಿಳಿದು ಒತ್ತಾಗುತ್ತದೆ. ‘ತೀರ್ಥ’ದಲ್ಲಿ ಇನ್ನೂ ವಿಚಿತ್ರ. ಮೊದಲು ಉಚ್ಚರಿಸುವ ರಕಾರ, ಥಕಾರವನ್ನು ದಾಟಿ ಅದರ ಬಲಕ್ಕೆ ಅರ್ಕಾವೊತ್ತಾಗಿ ನಿಲ್ಲುತ್ತದೆ. ಸಂಖ್ಯೆಗಳ ಕ್ರಮವನ್ನು ಆಕಾರಗಳ ಕ್ರಮಕ್ಕೆ ಬದಲಾಯಿಸುವ ಮಧ್ಯವರ್ತಿ ಬೇಕೇ ಬೇಕು. ಆ ಮಧ್ಯವರ್ತಿ ಇಲ್ಲದಿದ್ದರೆ ಕಾಣುವುದು ಶಿಕ್ಷಕರು ಕಂಡದ್ದೇ.

ಮಧ್ಯವರ್ತಿ ಇಲ್ಲದ ಕಾಲದಲ್ಲಿ ನಮ್ಮವರು ಸುಮ್ಮನೆ ಕುಳಿತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು, ಅಂದರೆ ಒತ್ತು, ಕೊಂಬು, ದೀರ್ಘ, ಅರ್ಕಾವೊತ್ತುಗಳನ್ನು ತುಂಬಿ ಫಾಂಟ್ ಮಾಡಿದರು. 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಮುದ್ರಣಾಲಯಗಳ ಶ್ರೀಲಿಪಿ ಎಲ್ಲವೂ ಈ ದಾರಿ ಹಿಡಿದವು. ಫೋಟೋಶಾಪ್ ತಾನು ಇಂಗ್ಲಿಷ್ ಬರೆಯುತ್ತಿದ್ದೇನೆಂದೇ ನಂಬಿ ಅಚ್ಚುಕಟ್ಟಾದ ಕನ್ನಡವನ್ನು ಬರೆಯಿತು! ಜಾಣ ಉಪಾಯವೇ ಸರಿ. ಅದಿಲ್ಲದಿದ್ದರೆ ಆ ದಿನಗಳ ಎಷ್ಟೋ ಆಮಂತ್ರಣ ಪತ್ರಿಕೆಗಳು, ಪುಸ್ತಕಗಳ ಮುಖಪುಟಗಳು ಗಣಕದಲ್ಲಿ ಮೂಡುತ್ತಲೇ ಇರಲಿಲ್ಲ. ಆದರೆ ಇದಕ್ಕೆ ತೆತ್ತ ಬೆಲೆಯೂ ದೊಡ್ಡದು. ಫಾಂಟ್ ಬದಲಿಸಿದರೆ ಪಠ್ಯ ಇಂಗ್ಲಿಷ್ ಅಕ್ಷರಗಳ ಗೊಂದಲವಾಗುತ್ತದೆ. ‘ಲಿಂಗನಮಕ್ಕಿ’ ಎಂದು ಹುಡುಕಿದರೆ ಆ ಕಡತ ಸಿಗುವುದಿಲ್ಲ.

ಸರಿಯಾದ ದಾರಿಯೂ ಅದೇ ಕಾಲದಲ್ಲಿ ಸಿದ್ಧವಾಗುತ್ತಿತ್ತು. ಭಾರತೀಯ ಲಿಪಿಗಳಿಗೆ 1988ರಲ್ಲಿ ರೂಪುಗೊಂಡ ಇಸ್ಕಿ ಸಂಕೇತ ವ್ಯವಸ್ಥೆಯನ್ನು ಆಧರಿಸಿ 1991ರ ಯೂನಿಕೋಡ್ ಕನ್ನಡಕ್ಕೆ 3200ರಿಂದ 3327ರವರೆಗಿನ ಸಂಖ್ಯೆಗಳನ್ನು ಮೀಸಲಿಟ್ಟಿತು. ಅಕ್ಷರಗಳು ಕೂಡುವ ನಿಯಮಗಳನ್ನು ಫಾಂಟಿನೊಳಗೇ ಇಡಬಲ್ಲ ಓಪನ್‌ಟೈಪ್ ಬಂತು. 2001ರ ವಿಂಡೋಸ್ ಎಕ್ಸ್‌ಪಿ ಒಂದು ಕನ್ನಡ ಫಾಂಟನ್ನು ಹೊತ್ತು ತಂದಿತು. ಅದರ ಹೆಸರು ತುಂಗಾ! ತೀರ್ಥಹಳ್ಳಿಯವರಿಗೆ ಖುಷಿಯಾಗುವ ಸಂಗತಿ. ಆದರೆ ಅಲ್ಲಿಯೂ ಒಂದು ಗುಟ್ಟಿತ್ತು. ಪ್ರಾದೇಶಿಕ ಆಯ್ಕೆಗಳಲ್ಲಿ ‘ಸಂಕೀರ್ಣ ಲಿಪಿಗಳು ಮತ್ತು ಬಲದಿಂದ ಎಡಕ್ಕೆ ಬರೆಯುವ ಭಾಷೆಗಳು’ ಎಂಬರ್ಥದ ಸಾಲಿಗೆ ಗುರುತು ಹಾಕಬೇಕಿತ್ತು. ಕನ್ನಡ ಎಡದಿಂದ ಬಲಕ್ಕೆ ಸಾಗುವ ಲಿಪಿ. ಅರಬ್ಬಿಯ ಜೊತೆ ಅದಕ್ಕೇನು ಕೆಲಸ? ಕೆಲಸವಿದೆ. ಅರಬ್ಬಿಯಲ್ಲೂ ಅಕ್ಷರದ ಆಕಾರ ಅಕ್ಕಪಕ್ಕದ ಅಕ್ಷರಗಳಿಂದ ನಿರ್ಧಾರವಾಗುತ್ತದೆ. ಎರಡಕ್ಕೂ ಬೇಕಾದದ್ದು ನೆರೆಹೊರೆಯನ್ನು ನೋಡಿ ಆಕಾರ ಆರಿಸುವ ಎಂಜಿನ್.

ಫೋಟೋಶಾಪ್ ವಿಂಡೋಸ್‌ನ ಈ ವ್ಯವಸ್ಥೆಯನ್ನು ಬಳಸದೆ ತನ್ನದೇ ಎಂಜಿನ್ ಇಟ್ಟುಕೊಂಡಿತ್ತು. ಆದ್ದರಿಂದಲೇ ನೋಟ್‌ಪ್ಯಾಡ್‌ನಲ್ಲಿ ಸರಿಯಿದ್ದ ‘ತೀರ್ಥಹಳ್ಳಿ’ ಅದರಲ್ಲಿ ಅಂಟಿಸಿದೊಡನೆ ಒಡೆಯುತ್ತಿತ್ತು. ಅರಬ್ಬಿ, ಹೀಬ್ರೂ ಬಳಸುವವರಿಗೆ ಪ್ರತ್ಯೇಕ ಮಧ್ಯಪ್ರಾಚ್ಯ ಆವೃತ್ತಿ ಮಾರಾಟಕ್ಕಿತ್ತು. 2012ರ ಸಿಎಸ್6ರಲ್ಲಿ ಆ ಸೌಲಭ್ಯ ಸಾಮಾನ್ಯ ಆವೃತ್ತಿಯೊಳಗೇ ಬಂತು. ಅನಂತರದ ಸಿಸಿ ಆವೃತ್ತಿಗಳಲ್ಲಿ ನಮ್ಮ ಲಿಪಿಗಳೂ ಅದೇ ಕಪಾಟು ಸೇರಿದವು. ಕಪಾಟಿನ ಹೆಸರು ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’. ಮೆನುವಿನಲ್ಲಿ ಕನ್ನಡ ಎಂದೋ ಇಂಡಿಯನ್ ಎಂದೋ ಹುಡುಕುವವರಿಗೆ ಇದು ಹೇಗೆ ತಾನೇ ಹೊಳೆದೀತು?

ಈಗ ಶಿಕ್ಷಕರ ತೊಂದರೆಗೆ ಬರೋಣ. ಎಡಿಟ್ ಮೆನುವಿನ ಪ್ರಿಫರೆನ್ಸಸ್‌ನಲ್ಲಿ ಟೈಪ್ ವಿಭಾಗವನ್ನು ತೆರೆದು, ಈ ಕಪಾಟನ್ನು ಆರಿಸಿ, ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಬೇಕು. ಆಮೇಲೆ ಪ್ಯಾರಾಗ್ರಾಫ್ ಫಲಕದ ಮೂಲೆಯ ಮೆನುವಿನಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಕಾಣಿಸಿಕೊಳ್ಳುತ್ತದೆ. ಅವರು ಇಷ್ಟು ಮಾಡಿದರೂ ಶೀರ್ಷಿಕೆ ಒಡೆದೇ ಇತ್ತು. ಕಾರಣ, ಹಳೆಯ ಅಕ್ಷರ ಪದರ ಹಳೆಯ ಲೇಔಟನ್ನೇ ಹಿಡಿದುಕೊಂಡಿತ್ತು. ಪದರವನ್ನು ಆರಿಸಿಕೊಂಡು ಆಯ್ಕೆಯನ್ನು ಒತ್ತಿದಾಗ ‘ಕ್ಕಿ’ ಕೂಡಿಕೊಂಡಿತು. ಫಾಂಟ್ ಯೂನಿಕೋಡಿನದೇ ಆಗಿರಬೇಕು ಎಂಬುದನ್ನೂ ಮರೆಯಬೇಡಿ. ಈಚಿನ ಆವೃತ್ತಿಗಳಲ್ಲಿ ಎಂಜಿನ್‌ಗಳನ್ನು ಒಂದುಗೂಡಿಸಿರುವುದರಿಂದ ಈ ತಾಪತ್ರಯ ಕಡಿಮೆ. ಶಾಲೆಯ ಗಣಕದಲ್ಲಿ ತೀರ ಹಳೆಯ ಆವೃತ್ತಿ ಇದ್ದರೆ ಮುಕ್ತ ತಂತ್ರಾಂಶವಾದ ಗಿಂಪ್ ಬಳಸಿ, 2004ರ 2.0 ಆವೃತ್ತಿಯಿಂದಲೇ ಅದು ಪ್ಯಾಂಗೋ ಎಂಬ ಪಠ್ಯ ಎಂಜಿನ್ನನ್ನು ಅಳವಡಿಸಿಕೊಂಡಿದೆ.

ಒಂದು ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ತೋರಿಸಿಕೊಡಿ. ಮೆನುವಿನ ಸಾಲು ಮಸುಕಾಗಿದ್ದರೆ ಸಮಸ್ಯೆ ನಿಮ್ಮ ಚಿತ್ರದಲ್ಲಿದೆ ಎಂದು ಊಹಿಸಬಹುದು. 16 ಬಿಟ್ ಚಿತ್ರ ತೆರೆದರೆ ಫಿಲ್ಟರ್ ಗ್ಯಾಲರಿ ಮಸುಕಾಗುತ್ತದೆ, 8 ಬಿಟ್‌ಗೆ ಇಳಿಸಿದರೆ ಜೀವ ಪಡೆಯುತ್ತದೆ. ಸಾಲೇ ಇಲ್ಲದಿದ್ದರೆ ಸೆಟ್ಟಿಂಗ್ ನೋಡಿ, ಇಲ್ಲವೇ ಆವೃತ್ತಿ ನೋಡಿ.

ಶಿಕ್ಷಕರ ಬಳಿ ಲಾಂಚ್ ಕುರಿತು ಹಿಂದೊಮ್ಮೆ ನುಡಿ ಫಾಂಟಿನಲ್ಲಿ ಮಾಡಿದ್ದ ಇನ್ನೊಂದು ಭಿತ್ತಿಚಿತ್ರವೂ ಇತ್ತು. ಅದರ ಅಕ್ಷರ ಪದರಗಳು ಉಳಿದಿದ್ದ ಕಡೆ ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದೆವು. ಅರ್ಕಾವೊತ್ತುಗಳನ್ನು ಒಂದೊಂದಾಗಿ ಪರಿಶೀಲಿಸಬೇಕಾಯಿತು. ಶೀರ್ಷಿಕೆಯನ್ನು ಮಾತ್ರ ಅಂದೇ ರಾಸ್ಟರೈಸ್ ಮಾಡಿಬಿಟ್ಟಿದ್ದರು. ಅಲ್ಲಿ ಅಕ್ಷರಗಳೇ ಉಳಿದಿರಲಿಲ್ಲ, ಚುಕ್ಕೆಗಳಷ್ಟೇ ಇದ್ದವು. ಅದನ್ನು ಹೊಸದಾಗಿ ಟೈಪ್ ಮಾಡಿದೆವು.