ದಿ ಹಾಂಟಿಂಗ್ ಆಫ್ ಬ್ಲೈ ಮ್ಯಾನರ್

ದಿ ಹಾಂಟಿಂಗ್ ಆಫ್ ಬ್ಲೈ ಮ್ಯಾನರ್ ಎಂಬುದು ಮೈಕ್ ಫ್ಲಾನಗನ್ ಅವರು ನೆಟ್‌ಫ್ಲಿಕ್ಸ್‌ಗಾಗಿ ರೂಪಿಸಿದ ಅಮೆರಿಕದ ಗಾಥಿಕ್ ಕಿರುಸರಣಿ. ಒಂಬತ್ತು ಕಂತುಗಳ ಈ ಸರಣಿಯು 2020ರ ಅಕ್ಟೋಬರ್ 9ರಂದು ಬಿಡುಗಡೆಯಾಯಿತು. ಇದರ ಮುಖ್ಯ ಆಧಾರ ಹೆನ್ರಿ ಜೇಮ್ಸ್ 1898ರಲ್ಲಿ ಪ್ರಕಟಿಸಿದ 'ದಿ ಟರ್ನ್ ಆಫ್ ದಿ ಸ್ಕ್ರೂ' ಎಂಬ ಕಿರುಕಾದಂಬರಿ. ಫ್ಲಾನಗನ್ ಅವರ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್' (2018) ಸರಣಿಯ ನಂತರ ಬಂದ ಇದರಲ್ಲಿ ಅದೇ ಕಲಾವಿದರಲ್ಲಿ ಹಲವರು ಕಾಣಿಸಿಕೊಂಡರೂ ಎರಡರ ಕಥೆಗಳಿಗೆ ಸಂಬಂಧವಿಲ್ಲ.

ಕಥಾವಸ್ತು

2007ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮದುವೆಯ ಮುನ್ನಾದಿನ ಅತಿಥಿಯೊಬ್ಬಳು ಹೇಳುವ ಕಥೆಯಾಗಿ ಸರಣಿ ಆರಂಭವಾಗುತ್ತದೆ. ಕಥೆ ನಡೆಯುವುದು 1987ರ ಇಂಗ್ಲೆಂಡಿನಲ್ಲಿ. ಅಮೆರಿಕದ ಯುವ ಶಿಕ್ಷಕಿ ಡ್ಯಾನಿ ಕ್ಲೇಟನ್, ತಂದೆತಾಯಿಯನ್ನು ಕಳೆದುಕೊಂಡ ಮೈಲ್ಸ್ ಮತ್ತು ಫ್ಲೋರಾರ ಆರೈಕೆಗಾಗಿ ಬ್ಲೈ ಎಂಬ ಹಳ್ಳಿಗಾಡಿನ ಮಹಲಿಗೆ ಬರುತ್ತಾಳೆ. ಅವಳಿಗಿಂತ ಮೊದಲು ಆ ಕೆಲಸದಲ್ಲಿದ್ದ ರೆಬೆಕಾ ಜೆಸೆಲ್ ಅಲ್ಲಿನ ಕೆರೆಯಲ್ಲಿ ಮುಳುಗಿ ಸತ್ತಿರುತ್ತಾಳೆ. ರೆಬೆಕಾಳ ಪ್ರಿಯಕರ ಪೀಟರ್ ಕ್ವಿಂಟ್ ಕಣ್ಮರೆಯಾಗಿರುತ್ತಾನೆ.

ಈ ಸಾವುಗಳ ಮೂಲ ಹದಿನೇಳನೆಯ ಶತಮಾನದಲ್ಲಿದೆ. ಮಹಲಿನ ಒಡತಿ ವಯೋಲಾ ತನ್ನ ಉಡುಪು, ಒಡವೆಗಳನ್ನು ಮಗಳಿಗಾಗಿ ಪೆಟ್ಟಿಗೆಯಲ್ಲಿ ಭದ್ರಪಡಿಸಿ, ತಂಗಿಯ ಕೈಯಿಂದಲೇ ಹತಳಾಗುತ್ತಾಳೆ. ಮುಂದೆ ಆ ಪೆಟ್ಟಿಗೆ ಕೆರೆಯ ಪಾಲಾಗುತ್ತದೆ. ಅವಳ ಪ್ರೇತ ರಾತ್ರಿ ಕೆರೆಯಿಂದೆದ್ದು ಮಗಳನ್ನು ಹುಡುಕುತ್ತ ಮಹಲಿಗೆ ನಡೆದುಬರುತ್ತದೆ. ದಾರಿಗೆ ಅಡ್ಡಬಂದವರು ಸತ್ತು, ಆ ನೆಲದಲ್ಲಿಯೇ ಪ್ರೇತಗಳಾಗಿ ಉಳಿಯುತ್ತಾರೆ. ಕೊನೆಗೆ ಅದು ಫ್ಲೋರಾಳನ್ನು ಕೆರೆಗೆ ಒಯ್ಯುವಾಗ, ಡ್ಯಾನಿ ಆ ಪ್ರೇತವನ್ನು ತನ್ನೊಳಗೆ ಆಹ್ವಾನಿಸಿ ಮಗುವನ್ನು ಉಳಿಸುತ್ತಾಳೆ. ತೋಟಗಾರ್ತಿ ಜೇಮಿಯೊಂದಿಗೆ ಹಲವು ವರ್ಷ ಬಾಳಿದ ಮೇಲೆ, ತನ್ನೊಳಗಿನ ಪ್ರೇತದಿಂದ ಜೇಮಿಗೆ ಅಪಾಯವಾದೀತೆಂದು ಅಂಜಿ, ಬ್ಲೈಗೆ ಮರಳಿ ಕೆರೆಯಲ್ಲಿ ಪ್ರಾಣ ಬಿಡುತ್ತಾಳೆ. ಕಥೆ ಹೇಳುತ್ತಿರುವವಳು ಜೇಮಿ, ಮದುಮಗಳು ಫ್ಲೋರಾ. ಬ್ಲೈಯಲ್ಲಿ ನಡೆದದ್ದು ಫ್ಲೋರಾಳಿಗೆ ನೆನಪಿಲ್ಲ.

ಮುಖ್ಯ ಪಾತ್ರವರ್ಗ

ವಿಕ್ಟೋರಿಯಾ ಪೆಡ್ರೆಟಿ: ಡ್ಯಾನಿ ಕ್ಲೇಟನ್
ಅಮೀಲಿಯಾ ಈವ್: ಜೇಮಿ
ಟಿನಿಯಾ ಮಿಲ್ಲರ್: ಮನೆವಾರ್ತೆಯ ಹ್ಯಾನಾ ಗ್ರೋಸ್
ರಾಹುಲ್ ಕೊಹ್ಲಿ: ಅಡುಗೆಯ ಓವೆನ್ ಶರ್ಮಾ
ಆಲಿವರ್ ಜಾಕ್ಸನ್-ಕೋಹೆನ್: ಪೀಟರ್ ಕ್ವಿಂಟ್
ತಾಹಿರಾ ಶರೀಫ್: ರೆಬೆಕಾ ಜೆಸೆಲ್
ಕೇಟ್ ಸೀಗಲ್: ವಯೋಲಾ
ಕಾರ್ಲಾ ಗುಗಿನೋ: ಕಥೆ ಹೇಳುವವಳು

ಮೂಲಕೃತಿ ಮತ್ತು ರೂಪಾಂತರ

ಜೇಮ್ಸ್ ಅವರ ಕಿರುಕಾದಂಬರಿಯಲ್ಲಿ ಮಕ್ಕಳ ತಂದೆತಾಯಿ ಭಾರತದಲ್ಲಿ ತೀರಿಕೊಂಡವರು, ಬ್ಲೈ ಎಸೆಕ್ಸ್‌ನಲ್ಲಿದೆ. ಪ್ರೇತಗಳು ನಿಜವೋ, ಶಿಕ್ಷಕಿಯ ಮನಸ್ಸಿನ ಭ್ರಮೆಯೋ ಎಂಬುದನ್ನು ಅದು ತೀರ್ಮಾನಿಸುವುದಿಲ್ಲ. 1934ರಲ್ಲಿ ವಿಮರ್ಶಕ ಎಡ್ಮಂಡ್ ವಿಲ್ಸನ್ ಭ್ರಮೆಯ ವಾದವನ್ನು ಮಂಡಿಸಿದ ಮೇಲೆ ಈ ಚರ್ಚೆ ಬೆಳೆಯಿತು. ಬೆಂಜಮಿನ್ ಬ್ರಿಟನ್ ಅವರ ಆಪೆರಾ (1954) ಮತ್ತು ಜ್ಯಾಕ್ ಕ್ಲೇಟನ್ ನಿರ್ದೇಶನದ 'ದಿ ಇನ್ನೊಸೆಂಟ್ಸ್' ಚಲನಚಿತ್ರ (1961) ಇದರ ಪ್ರಸಿದ್ಧ ರೂಪಾಂತರಗಳು.

ಸರಣಿಯು ಪ್ರೇತಗಳನ್ನು ನಿಜವೆಂದೇ ಅಂಗೀಕರಿಸಿ, ನೆನಪು ಅಳಿದ ಮೇಲೆ ಉಳಿಯುವುದೇನು ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ಕಾಲ ಸರಿದಂತೆ ವಯೋಲಾ ತನ್ನ ಹೆಸರನ್ನೂ ಮಗಳನ್ನೂ ಮರೆಯುತ್ತಾಳೆ. ಜೊತೆಗೆ ಅವಳ ಮುಖದ ಗುರುತುಗಳೂ ಸವೆದುಹೋಗುತ್ತವೆ. ಉಳಿಯುವುದು ನಡೆದುಬರುವ ಅಭ್ಯಾಸ ಮತ್ತು ಅದರ ಹಿಂದಿನ ಸಿಟ್ಟು. ತಾನು ಸತ್ತಿರುವುದನ್ನರಿಯದ ಹ್ಯಾನಾ ಹಳೆಯ ನೆನಪುಗಳಲ್ಲಿ ಸುತ್ತುತ್ತಾಳೆ. ಪ್ರೇತಬಾಧೆಯಿಲ್ಲದ ಓವೆನ್‌ನ ತಾಯಿಯೂ ಮರೆವಿನ ಕಾಯಿಲೆಯಿಂದ ಮಗನನ್ನು ಗುರುತಿಸಲಾಗದ ಸ್ಥಿತಿ ತಲುಪಿರುತ್ತಾಳೆ. ಹೀಗೆ ಮಹಲಿನ ಶಾಪವೂ ಮನುಷ್ಯರ ಸಹಜ ದುಃಖವೂ ಒಂದೇ ನೆಲೆಯಲ್ಲಿ ನಿಲ್ಲುತ್ತವೆ.

ಕಂತುಗಳ ಶೀರ್ಷಿಕೆಗಳನ್ನೂ ಜೇಮ್ಸ್ ಅವರ ಕಥೆಗಳಿಂದ ಪಡೆಯಲಾಗಿದೆ. ವಯೋಲಾಳ ಪೂರ್ವಕಥೆಯನ್ನು ಹೇಳುವ ಎಂಟನೆಯ ಕಂತಿಗೆ 1868ರ 'ದಿ ರೊಮ್ಯಾನ್ಸ್ ಆಫ್ ಸರ್ಟನ್ ಓಲ್ಡ್ ಕ್ಲೋತ್ಸ್' ಆಧಾರ. ಮ್ಯಾಸಚೂಸೆಟ್ಸ್‌ನಲ್ಲಿ ನಡೆಯುವ ಆ ಕಥೆಯನ್ನು ಇಂಗ್ಲೆಂಡಿಗೆ ಸ್ಥಳಾಂತರಿಸಿ, ಕಪ್ಪುಬಿಳುಪಿನಲ್ಲಿ ಚಿತ್ರಿಸಲಾಗಿದೆ.

ನಿರ್ಮಾಣ

ಚಿತ್ರೀಕರಣವು ಕೆನಡಾದ ವ್ಯಾಂಕೂವರ್‌ನಲ್ಲಿ 2019ರಿಂದ 2020ರ ಆರಂಭದವರೆಗೆ ನಡೆಯಿತು. 'ಹಿಲ್ ಹೌಸ್' ಸರಣಿಯ ಎಲ್ಲ ಕಂತುಗಳನ್ನು ನಿರ್ದೇಶಿಸಿದ್ದ ಫ್ಲಾನಗನ್ ಇಲ್ಲಿ ಮೊದಲ ಕಂತನ್ನು ಮಾತ್ರ ನಿರ್ದೇಶಿಸಿದರು. ಸಂಗೀತ ನ್ಯೂಟನ್ ಬ್ರದರ್ಸ್ ಅವರದು.

ಪ್ರತಿಕ್ರಿಯೆ

ವಿಮರ್ಶಕರ ಅಭಿಪ್ರಾಯ ಬಹುಮಟ್ಟಿಗೆ ಅನುಕೂಲಕರವಾಗಿತ್ತು. ಹಿಂದಿನ ಸರಣಿಯಷ್ಟು ಭಯಾನಕವಲ್ಲವೆಂದು ಕೆಲವರು ಹೇಳಿದರೆ, ಅದರ ವಿಷಾದದ ಧಾಟಿಯನ್ನು ಹಲವರು ಮೆಚ್ಚಿದರು. ಟಿನಿಯಾ ಮಿಲ್ಲರ್ ಅವರ ಅಭಿನಯ ವಿಶೇಷ ಪ್ರಶಂಸೆ ಪಡೆಯಿತು. ಸಲಿಂಗ ಪ್ರೇಮಕಥೆಗಳನ್ನು ಸಾವಿನಲ್ಲಿ ಮುಗಿಸುವ ಹಳೆಯ ಪರಿಪಾಠವನ್ನು ಡ್ಯಾನಿಯ ಅಂತ್ಯವೂ ಮುಂದುವರಿಸುತ್ತದೆಯೆಂಬ ಆಕ್ಷೇಪವೂ ಕೇಳಿಬಂದಿತು.