ಹಿಡಿತಕ್ಕೆ ಸಿಗದ್ದು

ಇಂಗ್ಲಿಷಿನ ‘ಇಂಪರ್ಸೆಪ್ಟಿಬಲ್’ ಎದುರಾದಾಗಲೆಲ್ಲ ನಮ್ಮ ಅನುವಾದಗಳು ‘ಅತಿ ಸೂಕ್ಷ್ಮ’ ಎಂದು ಬರೆದು ಮುಂದೆ ಸಾಗುತ್ತವೆ. ನಾನೂ ಹಾಗೆ ಬರೆದವಳೇ. ಎಡವಿದ್ದು ತಿಳಿದದ್ದು ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಚರಿತ್ರೆ ಓದಿದಾಗ.

1859ರ ಸೆಪ್ಟೆಂಬರ್ 2ರಂದು ಸೌರ ಬಿರುಗಾಳಿಯೊಂದು ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸಿತು. ಕೊಲಾಬಾದ ಉಪಕರಣ ತೋರಿಸಿದ ಕುಸಿತ ಸುಮಾರು 1600 ನ್ಯಾನೊಟೆಸ್ಲಾ. ಅಂಥ ದೊಡ್ಡ ಕುಸಿತ ದಾಖಲೆಗಳಲ್ಲಿ ಅಪರೂಪ. ಆದರೂ ಪಕ್ಕದ ಬೀದಿಯಲ್ಲಿ ನಡೆಯುತ್ತಿದ್ದವರ ಮೈಗೆ ಅದು ತಟ್ಟಲಿಲ್ಲ. ಕಾಂತವನ್ನು ಅರಿಯುವ ಇಂದ್ರಿಯ ನಮಗಿಲ್ಲ. ಇದನ್ನು ‘ಸೂಕ್ಷ್ಮ’ ಎನ್ನುವುದು ಹೇಗೆ?

ಪದದ ಬೇರು ಲ್ಯಾಟಿನ್ನಿನ ‘ಕಾಪೆರೆ’, ಅಂದರೆ ಹಿಡಿಯುವುದು. ‘ಪೆರ್’ ಸೇರಿ ಪೂರ್ತಿ ಹಿಡಿಯುವುದು, ಅರಿಯುವುದು ಎಂದಾಯಿತು. ಮುಂದಿನ ‘ಇನ್’ ಅದನ್ನು ಅಲ್ಲಗಳೆಯಿತು. ನಮ್ಮ ‘ಗ್ರಹಿಸು’ವಿನ ಸಂಸ್ಕೃತ ಧಾತುವಿಗೂ ಹಿಡಿ ಎಂದೇ ಅರ್ಥ. ಎರಡೂ ಕಡೆ ಅಳೆಯುತ್ತಿರುವುದು ನಮ್ಮ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂಬುದನ್ನು. ‘ಅಗ್ರಾಹ್ಯ’ ಎನ್ನಬಹುದಿತ್ತು, ಆದರೆ ಅದು ‘ಒಪ್ಪಲಾಗದ್ದು’ ಎಂಬತ್ತ ವಾಲುತ್ತದೆ.

ಮುಂಬಯಿಗೆ ವಿದ್ಯುತ್ ಟ್ರಾಮ್ ಬರಲಿದೆ ಎಂದಾದಾಗ, ಅದರ ವಿದ್ಯುತ್ತು ಸೂಜಿಯನ್ನು ಕೆಡಿಸೀತೆಂದು 1904ರಲ್ಲಿ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯ ತೆರೆದರು. ಟ್ರಾಮ್ ಓಡಿದ್ದು 1907ರಲ್ಲಿ. ಸೂಜಿಗೆ ಅಷ್ಟು ಗದ್ದಲ; ಟ್ರಾಮಿನೊಳಗೆ ಕೂತವರಿಗೆ ಏನೂ ಇಲ್ಲ.

ನಾನೀಗ ‘ಗ್ರಹಿಕೆಗೆ ಸಿಗದ’ ಎಂದು ಬರೆಯುತ್ತೇನೆ. ಕರಡು ತಿದ್ದುವವರು ಆಗಾಗ ಮತ್ತೆ ‘ಸೂಕ್ಷ್ಮ’ ಮಾಡುತ್ತಾರೆ.