ವೃದ್ಧಾಶ್ರಮದ ಆರೈಕೆದಾರರಿಗೆ ತರಬೇತಿ: ರಾತ್ರಿ ಪಾಳಿಯ ಆಯಾಗಳಿಂದಲೇ ಆರಂಭವಾಗಲಿ

ಕರಾವಳಿಯ ನಮ್ಮ ಧರ್ಮಕೇಂದ್ರಗಳಿಂದ ಉದ್ಯೋಗ ಅರಸಿ ಬೆಂಗಳೂರಿಗೆ ಹೋಗಿ ನೆಲೆಸಿದ ಕುಟುಂಬಗಳಲ್ಲಿ ಮೊದಲ ತಲೆಮಾರಿನವರು ಈಗ ಮುಪ್ಪಿನಲ್ಲಿದ್ದಾರೆ. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿಯೋ, ಕೆನಡಾದಲ್ಲಿಯೋ ಇದ್ದು, ತಂದೆತಾಯಿಯನ್ನು ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಅಥವಾ ಕೆಂಗೇರಿ ಕಡೆಯ ವೃದ್ಧಾಶ್ರಮವೊಂದಕ್ಕೆ ಸೇರಿಸಬಹುದೇ ಎಂದು ಗುರುಗಳಲ್ಲಿ ವಿಚಾರಿಸುವವರಿದ್ದಾರೆ. ಅವರು ಕೇಳುವುದು ಕೋಣೆಯ ಬಗ್ಗೆ, ಊಟದ ಬಗ್ಗೆ, ಹತ್ತಿರದಲ್ಲಿ ಬಲಿಪೂಜೆ ಸಿಗುತ್ತದೆಯೇ ಎಂಬ ಬಗ್ಗೆ. ರಾತ್ರಿ ಎರಡು ಗಂಟೆಗೆ ಅಲ್ಲಿ ಎಚ್ಚರವಿರುವವರು ಯಾರು, ಅವರಿಗೆ ಏನನ್ನು ಕಲಿಸಲಾಗಿದೆ ಎಂದು ಕೇಳುವವರು ಕಡಿಮೆ.

ನಮ್ಮಲ್ಲಿ 'ನರ್ಸಿಂಗ್ ಹೋಮ್' ಎಂದರೆ ಸಣ್ಣ ಆಸ್ಪತ್ರೆ ಎಂದೇ ರೂಢಿ. ಇಲ್ಲಿ ನಾವು ಹೇಳುತ್ತಿರುವುದು ವೃದ್ಧರು ಕೊನೆಯವರೆಗೂ ವಾಸವಾಗಿರುವ ಆಶ್ರಮಗಳ ಬಗ್ಗೆ. ಇವುಗಳಲ್ಲಿ ಕೆಲವನ್ನು ಧರ್ಮಭಗಿನಿಯರು ನಡೆಸುತ್ತಾರೆ, ಕೆಲವನ್ನು ಟ್ರಸ್ಟ್‌ಗಳು ನಡೆಸುತ್ತವೆ, ಇನ್ನು ಕೆಲವು ಬಾಡಿಗೆ ಮನೆಗಳಲ್ಲಿ ನಡೆಯುತ್ತವೆ. ಎಲ್ಲಿಯಾದರೂ ಹೆಚ್ಚಿನ ಹೊತ್ತು ವೃದ್ಧರ ಮೈಮುಟ್ಟಿ ಆರೈಕೆ ಮಾಡುವವರು ವೈದ್ಯರೂ ಅಲ್ಲ, ನರ್ಸ್‌ಗಳೂ ಅಲ್ಲ. ಮೀಯಿಸುವ, ಉಣಿಸುವ, ಡಯಾಪರ್ ಬದಲಿಸುವ ಆಯಾಗಳು ಮತ್ತು ಅಟೆಂಡರ್‌ಗಳು. ತರಬೇತಿ ಶಿಬಿರಕ್ಕೆ ಮಾತ್ರ ಹೋಗುವವರು ಸಾಮಾನ್ಯವಾಗಿ ಮೇಲ್ವಿಚಾರಕರು. ಇದು ಬದಲಾಗಬೇಕು.

ಹಾಸಿಗೆ ಹುಣ್ಣು

ಅಲುಗಾಡದೆ ಮಲಗಿದವರ ಮೈಭಾರ ಒಂದೇ ಕಡೆ ಬಿದ್ದಾಗ ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮ ಮತ್ತು ಮಾಂಸಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಆದ ಹಾನಿ ವಾಸಿಯಾಗಲು ತಿಂಗಳುಗಳು ಬೇಕಾಗಬಹುದು. ಸೊಂಟದ ಕೆಳಗಿನ ಮೂಳೆ, ಪಕ್ಕೆಯ ಕೆಳಭಾಗ, ಹಿಮ್ಮಡಿ, ಮೊಣಕೈ ಇವು ಮೊದಲು ನೋಡಬೇಕಾದ ಸ್ಥಳಗಳು. ಚರ್ಮ ಕೆಂಪಗಾಗುವುದು ಮೊದಲ ಲಕ್ಷಣವೆಂದು ಪಠ್ಯಪುಸ್ತಕಗಳು ಹೇಳುತ್ತವೆ. ನಮ್ಮವರ ಕಂದು ಮೈಬಣ್ಣದಲ್ಲಿ ಆ ಕೆಂಪು ಕಾಣಿಸುವುದೇ ಕಷ್ಟ. ಆದುದರಿಂದ ಕೈಯಿಂದ ಮುಟ್ಟಿ ನೋಡಲು ಕಲಿಸಬೇಕು: ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿ ಇದೆಯೇ, ಗಟ್ಟಿಯಾಗಿದೆಯೇ, ಮುಟ್ಟಿದರೆ ಅಜ್ಜಿ ಮುಖ ಹಿಂಡುತ್ತಾರೆಯೇ?

ಹಳೆಯ ಕೆಲವು ಅಭ್ಯಾಸಗಳನ್ನು ಮರೆಯಿಸಬೇಕಾಗಿದೆ. ಸ್ಪಿರಿಟ್ ಹಚ್ಚಿ ಪೌಡರ್ ಹಾಕಿ ಬೆನ್ನು ತಿಕ್ಕುವುದನ್ನು ಒಂದು ಕಾಲದಲ್ಲಿ ನರ್ಸಿಂಗ್ ಶಾಲೆಗಳಲ್ಲೇ ಕಲಿಸುತ್ತಿದ್ದರು. ಈಗ ಅದು ಬೇಡವೆನ್ನುತ್ತಾರೆ. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ, ಆಗಲೇ ನೊಂದ ಜಾಗವನ್ನು ಉಜ್ಜಿದರೆ ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ. ಉಂಗುರದಂತಿರುವ ಗಾಳಿ ದಿಂಬು ಕೂಡ ಸುತ್ತಲಿನ ರಕ್ತ ಸಂಚಾರಕ್ಕೆ ಅಡ್ಡಿಯಾಗುತ್ತದೆ. ಮಾಡಬೇಕಾದ್ದು ಇಷ್ಟು: ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಪೂರ್ತಿ ಪಕ್ಕಕ್ಕೆ ತಿರುಗಿಸದೆ ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟು ಓರೆಯಾಗಿಸುವುದು, ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡುವುದು, ಒದ್ದೆಯನ್ನು ಕೂಡಲೇ ಒರೆಸುವುದು. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈಹಾಕಿ ಎಳೆಯಬಾರದು. ಅಡ್ಡಬಟ್ಟೆಯ ಎರಡು ಬದಿ ಹಿಡಿದು ಇಬ್ಬರು ಎತ್ತಬೇಕು. ಏರ್ ಬೆಡ್ ಇದ್ದರೂ ಹೊರಳಿಸುವುದು ತಪ್ಪುವುದಿಲ್ಲ.

ಇಲ್ಲಿ ಆಡಳಿತದವರು ಒಂದು ಲೆಕ್ಕ ಹಾಕಬೇಕು. ಹಾಸಿಗೆ ಹಿಡಿದವರು ಹತ್ತು ಮಂದಿ ಇದ್ದಾರೆ, ರಾತ್ರಿ ಪಾಳಿ 12 ಗಂಟೆಯದು ಎಂದುಕೊಳ್ಳೋಣ. ಎರಡು ಗಂಟೆಗೊಮ್ಮೆ ಎಂದರೆ ಒಬ್ಬರಿಗೆ ಆರು ಸಲ, ಒಟ್ಟು 60 ಸಲ. ಒಂದು ಸಲಕ್ಕೆ ಐದು ನಿಮಿಷವೆಂದರೂ ಐದು ಗಂಟೆಗಳ ಕೆಲಸ, ಅದೂ ಇಬ್ಬರಿಗೆ. ರಾತ್ರಿ ಒಬ್ಬಳೇ ಆಯಾ ಇರುವಲ್ಲಿ ಹುಣ್ಣಾದರೆ ಬೆಳಿಗ್ಗೆ ಬೈಗುಳ ತಿನ್ನುವವಳು ಅವಳು. ತಪ್ಪು ಮಾತ್ರ ಪಾಳಿಯ ಪಟ್ಟಿ ಬರೆದವರದು.

ನೆತ್ತಿಗೇರುವುದು ಮತ್ತು ಪರಮಪ್ರಸಾದ

ಪಾರ್ಶ್ವವಾಯು, ಪಾರ್ಕಿನ್ಸನ್, ಮರೆವಿನ ಕಾಯಿಲೆ ಇರುವವರಲ್ಲಿ ನುಂಗುವ ಶಕ್ತಿ ಕುಂದುತ್ತದೆ. ತುತ್ತು ಅಥವಾ ನೀರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಮಲಗಿಸಿಕೊಂಡೇ ಉಣಿಸಬಾರದು. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಸಣ್ಣ ತುತ್ತು ಕೊಟ್ಟು, ಅದು ಇಳಿದ ಮೇಲೆ ಮುಂದಿನದು. ಊಟವಾಗಿ ಅರ್ಧ ಗಂಟೆ ಕೂತಿರಲಿ. ತಿಳಿನೀರಿಗೆ ಕೆಮ್ಮುವವರಿಗೆ ಗಂಜಿಯಂಥ ಮಂದವಾದುದು ಸುಲಭವಾಗಬಹುದು, ಆದರೆ ಅದನ್ನು ವೈದ್ಯರು ನೋಡಿ ಹೇಳಬೇಕು.

ಬಾಯಿಯ ಸ್ವಚ್ಛತೆಯನ್ನು ಅನೇಕರು ಅಲಂಕಾರದ ವಿಷಯವೆಂದು ತಿಳಿಯುತ್ತಾರೆ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿ ಊಟದ ಬಳಿಕ ಆರೈಕೆದಾರರು ಹಲ್ಲುಜ್ಜಿಸಿದವರಲ್ಲಿ ಶೇ. 11 ಮಂದಿಗೆ ನ್ಯುಮೋನಿಯಾ ಬಂದರೆ, ಹಾಗೆ ಮಾಡದವರಲ್ಲಿ ಶೇ. 19 ಮಂದಿಗೆ ಬಂದಿತ್ತು. ಹಲ್ಲಿಲ್ಲದವರ ಒಸಡು, ನಾಲಗೆಯನ್ನೂ ಒರೆಸಬೇಕು. ರಾತ್ರಿ ಹಲ್ಲಿನ ಸೆಟ್ ತೆಗೆದಿಡಬೇಕು.

ನುಂಗಲು ಕಷ್ಟವಿರುವವರಿಗೆ ಪರಮಪ್ರಸಾದ ಕೊಂಡೊಯ್ಯುವ ಗುರುಗಳೂ ಸೇವಾಕರ್ತರೂ ಕೋಣೆಗೆ ಹೋಗುವ ಮೊದಲು ಆಯಾಳನ್ನೋ ನರ್ಸನ್ನೋ ಕೇಳಬೇಕು. ಒಂದು ಪುಟ್ಟ ಚೂರು ಸಾಕು. ಅದೂ ಆಗದಿದ್ದರೆ ಅಗತ್ಯದ ಸಂದರ್ಭದಲ್ಲಿ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲು ಧರ್ಮಸಭೆಯ ಕಾನೂನಿನ 925ನೇ ವಿಧಿಯಲ್ಲಿ ಅವಕಾಶವಿದೆ. ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದೆಂಬ ನಿಯಮ ವೃದ್ಧರಿಗೂ ರೋಗಿಗಳಿಗೂ ಅನ್ವಯಿಸುವುದಿಲ್ಲ. 919ನೇ ವಿಧಿ ಅವರ ಆರೈಕೆ ಮಾಡುವವರಿಗೂ ಇದೇ ವಿನಾಯಿತಿ ಕೊಟ್ಟಿದೆ. ವಿಭೂತಿ ಬುಧವಾರ, ಶುಭ ಶುಕ್ರವಾರಗಳ ಉಪವಾಸದ ಕಟ್ಟಳೆಯೂ 60ನೇ ವರ್ಷ ಆರಂಭವಾದೊಡನೆ ಮುಗಿಯುತ್ತದೆ. ಇದನ್ನು ಏಕೆ ಇಷ್ಟು ಒತ್ತಿ ಹೇಳಬೇಕೆಂದರೆ, ಬೆಳಿಗ್ಗೆ ಇನ್ಸುಲಿನ್ ಚುಚ್ಚಿಸಿಕೊಂಡು 'ಪೂಜೆ ಮುಗಿಯಲಿ' ಎಂದು ತಿಂಡಿ ಮುಂದೂಡುವ ಭಕ್ತ ಅಜ್ಜ ಅಜ್ಜಿಯರು ನಮ್ಮಲ್ಲಿ ಇದ್ದಾರೆ. ಬೆವರು, ನಡುಕ, ತೊದಲು ಕಂಡರೆ ಸಕ್ಕರೆ ಇಳಿದಿದೆಯೆಂದು ಆಯಾಗೆ ತಿಳಿದಿರಬೇಕು. ಎಚ್ಚರವಿದ್ದು ನುಂಗಬಲ್ಲವರಿಗೆ ಮೂರು ಚಮಚ ಸಕ್ಕರೆ ಕದಡಿದ ನೀರು ಕೊಟ್ಟು, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.

ಬೀಳುವುದು, ನೀರು ಕಡಿಮೆಯಾಗುವುದು

ಆಶ್ರಮಗಳಂಥ ಸಂಸ್ಥೆಗಳಲ್ಲಿರುವ ವೃದ್ಧರಲ್ಲಿ ವರ್ಷಕ್ಕೆ ಶೇ. 30ರಿಂದ 50 ಮಂದಿ ಬೀಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳುತ್ತದೆ. ವಾಸಕ್ಕೆಂದು ಕಟ್ಟಿದ ಮನೆಯನ್ನು ಆಶ್ರಮ ಮಾಡಿದಾಗ ನುಣುಪು ನೆಲ, ಎತ್ತರದ ಹೊಸ್ತಿಲು, ಕಡಿದಾದ ಮೆಟ್ಟಿಲು ಹಾಗೆಯೇ ಉಳಿಯುತ್ತವೆ. ಹಿಡಿಕಂಬಿ, ರಾತ್ರಿ ದೀಪ, ಸವೆದ ಹವಾಯಿ ಚಪ್ಪಲಿಯ ಬದಲು ಹಿಂಬದಿ ಪಟ್ಟಿಯಿರುವ ಚಪ್ಪಲಿ, ಇವು ದೊಡ್ಡ ಖರ್ಚಿನವಲ್ಲ. ಎದ್ದ ಕೂಡಲೇ ನಡೆಯದೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂರಿಸಬೇಕು. ಬೀಳದಿರಲಿ ಎಂದು ಸೀರೆಯಿಂದ ಕುರ್ಚಿಗೆ ಕಟ್ಟುವುದು ಆರೈಕೆಯಲ್ಲ. ಅದರಿಂದ ಗಾಯವೂ ಹೆಚ್ಚು, ಅವಮಾನವೂ ಹೆಚ್ಚು.

ರಾತ್ರಿ ಏಳಬೇಕಾಗುತ್ತದೆಂದು ವೃದ್ಧರು ನೀರು ಕುಡಿಯುವುದಿಲ್ಲ. ಡಯಾಪರ್ ಬದಲಿಸಬೇಕಾಗುತ್ತದೆಂದು ಕೆಲವು ಕಡೆ ಕೊಡುವವರೂ ಕೊಡುವುದಿಲ್ಲ. ಇದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ, ಆದರೆ ನಡೆಯುತ್ತದೆ. ಮಲಬದ್ಧತೆ, ಮೂತ್ರದ ಸೋಂಕು, ತಲೆಸುತ್ತು ಎಲ್ಲಕ್ಕೂ ಇಲ್ಲಿಂದ ದಾರಿ. ವೈದ್ಯರು ನೀರು ಮಿತಿಗೊಳಿಸಿದವರನ್ನು ಬಿಟ್ಟು ಉಳಿದವರಿಗೆ ಹಗಲಿನಲ್ಲೇ ಮಜ್ಜಿಗೆ, ತಿಳಿಸಾರು, ಅಂಬಲಿ ರೂಪದಲ್ಲಿ ಆಗಾಗ ಕೊಡಬಹುದು. ತುರಿಕಜ್ಜಿ ಒಬ್ಬರಿಗೆ ಬಂದರೆ ಅವರೊಡನೆ ಇದ್ದವರಿಗೆಲ್ಲ, ಆರೈಕೆದಾರರನ್ನೂ ಸೇರಿಸಿ, ಒಂದೇ ದಿನ ಔಷಧ ಹಚ್ಚಬೇಕು.

ಹೇಗೆ ಕಲಿಸಬೇಕು

ಮುಪ್ಪಿನಲ್ಲಿ ಸೋಂಕಾದರೂ ಕೆಲವೊಮ್ಮೆ ಜ್ವರ ಬರುವುದಿಲ್ಲ. ಒಮ್ಮೆಲೇ ಗೊಂದಲ, ಮಂಪರು, ಊಟ ಬೇಡವೆನ್ನುವುದು ಇಷ್ಟೇ ಸೂಚನೆ. 'ಇವತ್ತು ಅಜ್ಜಿ ಎಂದಿನ ಹಾಗಿಲ್ಲ ಸಿಸ್ಟರ್' ಎಂದು ಆಯಾ ಹೇಳಿದಾಗ, ಆ ಮಾತನ್ನು ಪುಸ್ತಕದಲ್ಲಿ ಬರೆದು ನಾಡಿ, ಉಸಿರು, ಸಕ್ಕರೆ ನೋಡುವ ಪದ್ಧತಿ ಇರಬೇಕು. ಆಯಾ ಹೇಳಿದ್ದನ್ನು ಕೇಳಿಸಿಕೊಳ್ಳಲು ಸಿಸ್ಟರ್‌ಗೂ ತರಬೇತಿ ಬೇಕಾದೀತು!

ಸಭಾಂಗಣದಲ್ಲಿ ಒಂದು ದಿನ ಭಾಷಣ, ಊಟ, ಪ್ರಮಾಣಪತ್ರ ಕೊಟ್ಟು ಮುಗಿಸುವುದರಿಂದ ಪ್ರಯೋಜನ ಅಲ್ಪ. ಮಂಚದ ಪಕ್ಕದಲ್ಲಿ, ವಾರಕ್ಕೊಂದು ವಿಷಯ, ಇಪ್ಪತ್ತು ನಿಮಿಷ ಸಾಕು. ಮೊದಲು ಆಯಾ ತಾನೇ ಮಲಗಿ ಬೇರೆಯವರಿಂದ ಹೊರಳಿಸಿಕೊಳ್ಳಲಿ, ಬೇರೆಯವರ ಕೈಯಿಂದ ಅವಸರದ ತುತ್ತು ತಿಂದು ನೋಡಲಿ. ಕನ್ನಡ ಬಾರದವರಿಗೆ ಅವರ ಭಾಷೆ ಬಲ್ಲವರಿಂದ ಹೇಳಿಸಬೇಕು. ಆರೈಕೆದಾರರು ಕೆಲಸ ಬಿಟ್ಟು ಹೋಗುವುದು ಸಾಮಾನ್ಯವಾದ್ದರಿಂದ ಹೊಸಬರ ಮೊದಲ ವಾರಕ್ಕೆ ಇದೇ ಪಾಠ ಮತ್ತೆ ಬರಬೇಕು.

ದಿನದಿನದ ಸಣ್ಣ ತಪಾಸಣೆಯಿಂದ ದೊಡ್ಡ ಗಾಯ ತಪ್ಪಿಸುವ ವಿದ್ಯೆ ನಮ್ಮ ಸಂಸ್ಥೆಗಳಿಗೆ ಹೊಸತಲ್ಲ. ಮಾಗಡಿ ರಸ್ತೆಯ ಸುಮನಹಳ್ಳಿಯನ್ನು ಬೆಂಗಳೂರು ಮಹಾಧರ್ಮಪ್ರಾಂತ್ಯ 1977ರಲ್ಲಿ ಕುಷ್ಠರೋಗಿಗಳಿಗಾಗಿ ಆರಂಭಿಸಿತು. ನಮ್ಮ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1890ರಲ್ಲೇ ಕುಷ್ಠರೋಗಿಗಳ ಆಶ್ರಯಧಾಮ ತೆರೆದಿದ್ದರು. ಕುಷ್ಠರೋಗದ ಆರೈಕೆಯಲ್ಲಿ ಸ್ಪರ್ಶಜ್ಞಾನವಿಲ್ಲದ ಪಾದವನ್ನು ದಿನವೂ ನೋಡಿ, ತೊಳೆದು, ನೀರಲ್ಲಿ ನೆನೆಸಿ, ಎಣ್ಣೆ ಸವರುವುದೇ ಮುಖ್ಯ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ ಅಜ್ಜನಿಗೂ ದಿನದ ಈ ತಪಾಸಣೆ ಬೇಕು. ಆದರೆ ಆ ಪಾದವನ್ನು ನೆನೆಸಿಡಬಾರದು, ಎಣ್ಣೆಯನ್ನು ಬೆರಳ ಸಂದಿಗೆ ಹಾಕಬಾರದು.

ಕೇಂದ್ರ ಸರಕಾರದ ಅಟಲ್ ವಯೋ ಅಭ್ಯುದಯ ಯೋಜನೆಯಲ್ಲಿ ವೃದ್ಧರ ಆರೈಕೆದಾರರಿಗೆ ತರಬೇತಿ ನೀಡುವ ಭಾಗವೂ ಇದೆ. ಆಶ್ರಮ ನಡೆಸುವವರು ಅದನ್ನು ವಿಚಾರಿಸಬಹುದು. ಹಿರಿಯರ ಮೇಲೆ ದೌರ್ಜನ್ಯ, ನಿರ್ಲಕ್ಷ್ಯ ಕಂಡವರು ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ತಿಳಿಸಬಹುದು.

ಪೋಪ್ ಫ್ರಾನ್ಸಿಸ್ 2021ರಲ್ಲಿ ಆರಂಭಿಸಿದ ಅಜ್ಜ ಅಜ್ಜಿಯರ ಮತ್ತು ಹಿರಿಯರ ವಿಶ್ವ ದಿನ ಜುಲೈ ತಿಂಗಳ ನಾಲ್ಕನೇ ಭಾನುವಾರ ಬರುತ್ತದೆ. ಅಂದು ವಿನ್ಸೆಂಟ್ ಪಾವ್ಲ್ ಸಭೆಯವರೂ ಯುವಜನರೂ ಹಣ್ಣು, ಬಿಸ್ಕತ್ತು, ಬೆಡ್‌ಶೀಟ್ ಹಿಡಿದು ಆಶ್ರಮಗಳಿಗೆ ಹೋಗುವ ರೂಢಿಯಿದೆ. ಈ ಬಾರಿ ಹೋಗುವ ಮುನ್ನ ಅಲ್ಲಿನ ಆಯಾಗಳಿಗೆ ಏನು ಬೇಕೆಂದು ಫೋನ್ ಮಾಡಿ ಕೇಳಿ. ಮೆದು ಬ್ರಷ್, ಬಚ್ಚಲಿಗೆ ಜಾರದ ಮ್ಯಾಟ್, ಹೆಚ್ಚುವರಿ ದಿಂಬು, ಅಡ್ಡಬಟ್ಟೆ ಎಂದು ಹೇಳಿದರೆ ಆಶ್ಚರ್ಯವಿಲ್ಲ.